ಅಕ್ಕನ ದನಿ ಇಟ್ಟ ಪೆಟ್ಟಿಗೆ

ಚನ್ನಗಿರಿಯಲ್ಲಿ ನಮ್ಮ ಮನೆಯೇ ನಮ್ಮ ಆಫೀಸು. ಆಟೋ ಮೇಲೆ ಮೈಕು ಕಟ್ಟಿಕೊಂಡು ಊರೂರು ಸುತ್ತುವ ಪ್ರಚಾರದವರಿಗೆ ಪ್ರಕಟಣೆ ರೆಕಾರ್ಡ್ ಮಾಡಿಕೊಡುವುದು ಕೆಲಸ. ದನಿ ಅಕ್ಕನದು, ಕತ್ತರಿಸಿ ಜೋಡಿಸುವುದು ನನ್ನದು. ಅಡಿಕೆ ಸಸಿ ಮಾರಾಟ, ಕಣ್ಣಿನ ತಪಾಸಣೆ, ಯಾರೋ ತೀರಿಕೊಂಡ ಸುದ್ದಿ, ಏನಿದ್ದರೂ ಸವಳಂಗದಿಂದ ಬಿಳಿಚೋಡಿನವರೆಗೆ ಜನ ಕೇಳುತ್ತಿದ್ದದ್ದು ಅಕ್ಕನನ್ನೇ. ಮಹಡಿಯ ಕೋಣೆಯಲ್ಲಿ ಓದಿ ಮುಗಿಸಿ, "ಆತು ಕಣೇ, ಬಾರೇ ಸೋಮಾರಿ" ಎಂದು ಕೂಗುತ್ತಿದ್ದಳು. ನಾನು ಪೆನ್‌ಡ್ರೈವ್ ಹಿಡಿದು ಗೊಣಗುತ್ತ ಮೆಟ್ಟಿಲು ಹತ್ತುತ್ತಿದ್ದೆ.

ನಮ್ಮ ಕಸುಬಿನಲ್ಲಿ ಒಂದು ಪದ್ಧತಿ. ಮುಗಿದ ಪ್ರಕಟಣೆಯನ್ನು ಅಳಿಸಿಬಿಡಬೇಕು. ಇಲ್ಲದಿದ್ದರೆ ಆಟೋದವರು ಹಳೇದನ್ನೇ ಹಾಕಿ ಮಾನ ಕಳೆಯುತ್ತಾರೆ. ಸಾವಿನ ಸುದ್ದಿಯಂತೂ ಮಣ್ಣಾದ ಸಂಜೆಯೇ ಹೋಗಬೇಕು, ಮನೆಯಲ್ಲಿ ಇಟ್ಟುಕೊಳ್ಳುವ ಮಾತೇ ಇಲ್ಲ.

ಅಕ್ಕನ ಗಂಟಲಲ್ಲಿ ಗಡ್ಡೆ ಕಂಡಿತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದರು ಡಾಕ್ಟರು. ಆಪರೇಷನ್ನಿಗೆ ಮುಂಚಿನ ಹದಿನೈದು ದಿನ ಅವಳು ಅಳಲಿಲ್ಲ, ಕೂತು ಓದಿದಳು. ಊರಿನ ಹೆಸರು, ವಾರ, ಗಂಟೆ, "ಮಾನ್ಯರೇ", "ದಯಮಾಡಿ ಬನ್ನಿ", ಎಲ್ಲ ಬಿಡಿಬಿಡಿಯಾಗಿ. "ಇವನ್ನ ಜೋಡಿಸ್ಕೊಂತ ಹೋಗು. ನಾನು ಇನ್ನೂ ಮಾತಾಡ್ತಿರ್ತೀನಿ" ಅಂದಳು.

ಆಸ್ಪತ್ರೆಯಿಂದ ವಾಪಸು ಬಂದ ಮೇಲೆ ಕೂಗಲು ದನಿಯಿಲ್ಲ. ಅದಕ್ಕೇ ಆ ಪೆಟ್ಟಿಗೆ ತಂದೆ, ಎರಡು ಡಿಸ್ಕಿನ ನೆಟ್‌ವರ್ಕ್ ಸ್ಟೋರೇಜ್. ರೂಟರಿಗೆ ಸಿಕ್ಕಿಸಿ, ಮೇಲಿನ ಕೆಳಗಿನ ಎರಡೂ ಕಂಪ್ಯೂಟರುಗಳ ಫೋಲ್ಡರನ್ನು ಅದಕ್ಕೆ ಜೋಡಿಸಿ, ಅಕ್ಕ ಓದಿಟ್ಟಿದ್ದ ತುಣುಕುಗಳನ್ನೆಲ್ಲ ಅದರಲ್ಲಿ ತುಂಬಿದೆ. ಅಕ್ಕ ಮೇಲೆ ಟೈಪು ಮಾಡಿಟ್ಟ ಫೈಲು ಕೆಳಗೆ ನನಗೆ ಕಾಣುತ್ತಿತ್ತು. ಮೊದಲ ದಿನ ಅವಳು ಬರೆದದ್ದು, "ಚಾ ತಾರೇ ಸೋಮಾರಿ." ನಗುನಗುತ್ತಲೇ ಅತ್ತುಬಿಟ್ಟೆ. ಅಳಿಸಿದ್ದನ್ನು ಕಸದಬುಟ್ಟಿಯಲ್ಲಿ ಎತ್ತಿಡಲೇ ಎಂದು ಪೆಟ್ಟಿಗೆ ಕೇಳಿದಾಗ ಬೇಡ ಎಂದು ಒತ್ತಿದ್ದೆ. ಕಸುಬಿನ ಬುದ್ಧಿ, ಎಲ್ಲಿ ಹೋಗುತ್ತದೆ!

ಆಯುಧ ಪೂಜೆಗೆ ಕಂಪ್ಯೂಟರ್ ಒರೆಸುತ್ತಿದ್ದೆ. ಒಳಗೂ ಚೊಕ್ಕ ಇರಲಿ ಅನ್ನಿಸಿತು. ಅಕ್ಕನ ದನಿ ಹೇಗೂ ಪೆಟ್ಟಿಗೆಯಲ್ಲಿದೆ, ಅದರಲ್ಲೂ ಎರಡು ಡಿಸ್ಕು, ನನ್ನ ಕಂಪ್ಯೂಟರಿನಲ್ಲೂ ಯಾಕೆ ಎಂದು ಅಳಿಸಿ, ಕಸದಬುಟ್ಟಿಯನ್ನೂ ಖಾಲಿ ಮಾಡಿದೆ. ಕುಂಕುಮ ಇಟ್ಟು, ಹೂ ಏರಿಸಿ, ಕೈ ಮುಗಿದು ಪೆಟ್ಟಿಗೆ ತೆರೆದು ನೋಡಿದರೆ ಖಾಲಿ. ಮೇಲಕ್ಕೆ ಓಡಿದೆ. ಅಲ್ಲೂ ಖಾಲಿ. ಒಂದು ಕಡೆ ಅಳಿಸಿದರೆ ಮೂರೂ ಕಡೆ ಅಳಿಸಿಹೋಗುವಂತೆ ಜೋಡಿಸಿದವಳು ನಾನೇ. ನನ್ನ ಕೈ ಸೇದಿಹೋಗ!

ಅಕ್ಕ ನನ್ನ ಮುಖ ನೋಡಿದಳು. ಬೈಯಲಿ, ಎರಡು ಬಿಗಿಯಲಿ ಎಂದು ನಿಂತೇ ಇದ್ದೆ. ಅವಳ ತುಟಿ ಅಲುಗಿತು, ಅಷ್ಟೇ.

ದಾವಣಗೆರೆಯ ರಿಪೇರಿಯವರು ಪೆಟ್ಟಿಗೆಯನ್ನು ಮೂರು ವಾರ ಇಟ್ಟುಕೊಂಡು, ಕೈಚೆಲ್ಲಿ ವಾಪಸು ಕೊಟ್ಟರು. ಆಟೋದವರನ್ನೆಲ್ಲ ಕೇಳಿದೆ. ಹೊನ್ನಾಳಿ, ನ್ಯಾಮತಿ, ಜಗಳೂರು, ಎಲ್ಲರದೂ ಒಂದೇ ಮಾತು, "ನೀವೇ ಅಳಿಸ್ರಿ ಅಂತಿದ್ರಲ್ಲಕ್ಕಾ." ಕೊನೆಗೆ ಸವಳಂಗದ ಆಟೋದವನೊಬ್ಬ ಪೆನ್‌ಡ್ರೈವ್ ತಂದುಕೊಟ್ಟ.

"ಇದೊಂದು ಐತೆ ನೋಡ್ರಿ. ಇಂಥದ್ದು ಇಟ್ಕಬಾರ್ದು, ಗೊತ್ತು. ನಿಮ್ಮವ್ವಾರು ನಂಗೆ ಎಷ್ಟು ಸಲ ಉಣ್ಣಾಕೆ ಇಕ್ಕಿದ್ರು. ಅಳಿಸಾಕೆ ಕೈ ಬರ್ಲಿಲ್ಲ" ಅಂದ.

ಅದು ನಮ್ಮ ಅವ್ವ ತೀರಿಕೊಂಡ ಸುದ್ದಿ. ಬೇರೆಯವರ ಕೈಲಿ ಓದಿಸುವುದಿಲ್ಲ ಎಂದು ಹಟ ಹಿಡಿದು ಅಕ್ಕನೇ ಓದಿದ್ದಳು, ಒಂದು ಕಡೆಯೂ ದನಿ ನಡುಗದಂತೆ.

ಅದನ್ನು ಪೆಟ್ಟಿಗೆಗೆ ಹಾಕಿದೆ. ಮೇಲೆ ಅಕ್ಕ ಹಚ್ಚಿದ್ದು ಕೆಳಗೆ ಕೇಳಿಸಿತು. "ನಮ್ಮ ತಾಯಿಯವರು ಇಂದು ಬೆಳಗ್ಗೆ ಲಿಂಗೈಕ್ಯರಾಗಿದ್ದಾರೆ." ಎರಡು ಸಲ, ಮೂರು ಸಲ. ನಾನು ಗೋಡೆಗೆ ಒರಗಿ ಅತ್ತೆ, ಅವ್ವನಿಗೋ ಅಕ್ಕನಿಗೋ ಗೊತ್ತಾಗಲಿಲ್ಲ. ಆಮೇಲೆ ಮೇಲೆ ಸದ್ದು ನಿಂತಿತು. ನನ್ನ ಕಂಪ್ಯೂಟರಿನಲ್ಲಿ ಅಕ್ಕ ಬರೆದ ಹೊಸ ಫೈಲು ಕಾಣಿಸಿತು.

"ನನ್ನ ದನಿ ಹೋದ್ರೆ ಹೋಗ್ಲಿ. ಅವ್ವನ್ನ ದಿನಾ ಸಾಯಿಸಬ್ಯಾಡ. ಅಳಿಸು."

ಮೊದಲು ಪೆನ್‌ಡ್ರೈವ್ ಖಾಲಿ ಮಾಡಿದೆ. ಆಮೇಲೆ ನನ್ನ ಫೋಲ್ಡರು ತೆರೆದು, ಅಕ್ಕನ ದನಿಯನ್ನು ಕೊನೆಯ ಸಲ ಕೇಳಿ, ಅಳಿಸಿದೆ. ಅಕ್ಕನ ಕಂಪ್ಯೂಟರಿನಲ್ಲೂ ಅಳಿಸಲು ಮೇಲಕ್ಕೆ ಹೋಗುವ ಅಗತ್ಯವಿರಲಿಲ್ಲ. ಆದರೂ ಮೆಟ್ಟಿಲು ಹತ್ತಿ ಹೋದೆ.