ಅಟ್ಟದಣ್ಣ ಬದಲಿಸಿದ ಮಾತ್ರೆ

ಹಡಗುಕಟ್ಟೆಯ ಕ್ರೇನು ನಡೆಸುವವನಿಗೆ ಅಲ್ಲಿನ ಜನ ಇಟ್ಟ ಹೆಸರು ಅಟ್ಟದಣ್ಣ. ಎಂಬತ್ತು ಮೆಟ್ಟಿಲ ಮೇಲಿನ ಗಾಜಿನ ಗೂಡಲ್ಲಿ ಕೂತನೆಂದರೆ ಊಟಕ್ಕೇ ಇಳಿಯೋದು. ಮನುಷ್ಯ ಒಳ್ಳೆಯವನೇ, ಆದರೆ ಅನುಮಾನದ ಪ್ರಾಣಿ! ಹೆಂಡತಿ ಕೊಟ್ಟ ಹಾಲನ್ನೂ ಮೂಸಿ ನೋಡಿಯೇ ಕುಡಿಯೋನು. "ವಿಷ ಹಾಕೋದಾಗಿದ್ರೆ ಮದುವೆಯಾದ ವಾರದಲ್ಲೇ ಹಾಕ್ತಿದ್ದೆ ಕಣ್ರೀ, ಮೂವತ್ತು ವರ್ಷ ಯಾಕೆ ಕಾಯಲಿ?" ಅಂತ ಅವಳು ರೇಗಿಸೋಳು.

ಅವನು ಕಣ್ಣು ಮುಚ್ಚಿ ನಂಬಿದ್ದು ಒಬ್ಬನನ್ನೇ, ಕೆಳಗೆ ನಿಂತು ಕೈ ತೋರಿಸುವ ಸನ್ನೆಗಾರನನ್ನ. ಹೆಬ್ಬೆರಳು ಕೆಳಗಾದರೆ ಇಳಿಸು, ಎರಡೂ ಕೈ ಚಾಚಿದರೆ ನಿಲ್ಲಿಸು. ಎರಡು ಹೊರೆ ಅದಲುಬದಲಾಗಿದ್ದರೆ ಮಣಿಕಟ್ಟು ಒಂದರ ಮೇಲೊಂದು ಅಡ್ಡ ಇಡೋದು ಅವರಿಬ್ಬರೇ ಮಾಡಿಕೊಂಡ ಸನ್ನೆ. ಮೇಲಿಂದ ಹಡಗಿನ ಹೊಟ್ಟೆಯೊಳಗೆ ಏನೇನೂ ಕಾಣದು, ಇಪ್ಪತ್ತು ವರ್ಷ ಆ ಕೈಯೇ ಇವನಿಗೆ ಕಣ್ಣು. ಸನ್ನೆಗಾರ ಆ ಊರಿನ ಹಳೇ ಜನ. ಅಟ್ಟದಣ್ಣನ ಕಡೆಯವರು ಅಪ್ಪನ ಕಾಲದಲ್ಲಿ ಸಮುದ್ರ ದಾಟಿ ಬಂದವರು.

ಅನುಮಾನ ಅವನಿಗೆ ಅಪ್ಪನಿಂದ ಬಂದ ಆಸ್ತಿ. ಅಪ್ಪ ಕೆಲಸ ಕೇಳಿಕೊಂಡು ಬಂದ ದಿನ ಕಚೇರಿಯವನು "ನಿಮ್ಮ ಮೂಲ ಯಾವ ಕಡೆ?" ಅಂತ ಕೇಳಿ ಬರೆದುಕೊಂಡನಂತೆ. ಆಮೇಲೆ ಅವರ ಕಡೆಯವರನ್ನೆಲ್ಲ ಒಬ್ಬರನ್ನೂ ಬಿಡದೆ ಬಾಯ್ಲರ್ ಕೋಣೆಗೆ ತಳ್ಳಿದರು. ಅಪ್ಪ ಐವತ್ತು ದಾಟಲಿಲ್ಲ. ಒಂದು ಬೆಳಿಗ್ಗೆ ಬಾಯಿ ಸೊಟ್ಟಗಾಗಿ ಬಿದ್ದವನು ಏಳಲೇ ಇಲ್ಲ.

ಈ ವರ್ಷದ ತಪಾಸಣೆಗೆ ಹೊಸ ಡಾಕ್ಟರಮ್ಮ ಬಂದಿದ್ದಳು. ತೋಳಿಗೆ ಪಟ್ಟಿ ಸುತ್ತಿ ಗಾಳಿ ಒತ್ತಿ, "ಬಿ.ಪಿ. ನೂರ ಎಪ್ಪತ್ತು. ತಿಂಗಳೊಳಗೆ ಇಳೀಬೇಕು. ಇಲ್ಲಾಂದ್ರೆ ನಿಮ್ಮನ್ನ ಮೇಲೆ ಹತ್ತಿಸೋಕೆ ನಾನು ಸಹಿ ಹಾಕಲ್ಲ" ಅಂದಳು. ಆಮೇಲೆ ಪೆನ್ನು ಹಿಡಿದು ಕೇಳಿದಳು: "ನಿಮ್ಮ ಮೂಲ ಯಾವ ಕಡೆ?"

ಅಟ್ಟದಣ್ಣನ ಕಿವಿ ನೆಟ್ಟಗಾಯಿತು. ಬಂತಲ್ಲಪ್ಪ, ಅದೇ ಮಾತು! ಒಲ್ಲದ ಮನಸ್ಸಿಂದ ಹೇಳಿದ, ಅವಳು ಬರೆದುಕೊಂಡು ಒಂದು ಪೊಟ್ಟಣ ಮಾತ್ರೆ ಕೊಟ್ಟಳು.

ಸನ್ನೆಗಾರನಿಗೂ ಬಿ.ಪಿ. ಇತ್ತು, ಮಾತ್ರೆ ನುಂಗಿ ಇಳಿದಿತ್ತು. ಊಟದ ಹೊತ್ತಿಗೆ ಇಬ್ಬರ ಮಾತ್ರೆ ಪೊಟ್ಟಣಗಳನ್ನ ಪಕ್ಕಪಕ್ಕ ಇಟ್ಟು ನೋಡಿದರೆ, ಮಾತ್ರೆಗಳೇನೋ ಎರಡೂ ಬಿಳಿ, ಎರಡೂ ಪುಟ್ಟ. ಮೇಲೆ ಬರೆದ ಹೆಸರು ಮಾತ್ರ ಬೇರೆ.

"ಕಾಯಿಲೆ ಒಂದೇ, ನಿಂಗೊಂದು ಮಾತ್ರೆ, ನಂಗೊಂದಾ?"

"ಡಾಕ್ಟ್ರು ಸುಮ್‌ಸುಮ್ನೆ ಕೊಡ್ತಾರೇನಯ್ಯ? ತೆಪ್ಪಗೆ ನುಂಗು" ಅಂದ ಸನ್ನೆಗಾರ.

ಹತ್ತು ದಿನ ನುಂಗಿದ. ನರ್ಸು ಮತ್ತೆ ನೋಡಿದಾಗ ನೂರ ಅರವತ್ತೆಂಟು. ಅಟ್ಟದಣ್ಣ ತನ್ನೊಳಗೇ ತೀರ್ಮಾನ ಕೊಟ್ಟುಬಿಟ್ಟ: ಬಿ.ಪಿ. ಇಳಿಸದ ಮಾತ್ರೆ ಕೊಟ್ಟು ನನ್ನನ್ನ ಇಳಿಸೋ ಹುನ್ನಾರ ಇದು! ಅಪ್ಪನನ್ನ ಬಾಯ್ಲರಿಗೆ ತಳ್ಳಿದರು, ನನ್ನನ್ನ ಗುಜರಿ ಮೂಲೆಗೆ ತಳ್ತಾರೆ. ಮಾರನೇ ದಿನ ಸನ್ನೆಗಾರ ಕೈ ತೊಳೆಯಲು ಹೋದಾಗ, ಕಪಾಟಿನಲ್ಲಿ ನೇತುಹಾಕಿದ್ದ ಅವನ ಅಂಗಿಯ ಜೇಬಿಗೆ ಕೈ ಹಾಕಿ, ಈ ಪೊಟ್ಟಣದ್ದು ಆ ಪೊಟ್ಟಣಕ್ಕೆ, ಅದರದ್ದು ಇದಕ್ಕೆ ಸುರಿದ. ಇರಲಿ, ಅವನು ಈ ಊರಿನವನೇ, ಅವನಿಗೆ ಯಾವ ಮಾತ್ರೆಯಾದರೂ ನಡೆಯುತ್ತೆ ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡ.

ಮೂರನೇ ದಿನ ಸನ್ನೆಗಾರ ಬೂಟಿನ ದಾರ ಸಡಿಲಿಸುತ್ತಾ, "ಯಾಕೋ ಕಾಲು ಊದ್ತಿದೆ ಕಣೋ" ಅಂದ. ಅಟ್ಟದಣ್ಣ ಅನ್ನ ಕಲಸುತ್ತಾ ಕೂತ.

ನಾಲ್ಕನೇ ದಿನ ಮೇಲೆ ಗೂಡಿನಲ್ಲಿ ನಾಲಿಗೆ ದಪ್ಪಗಾಗತೊಡಗಿತು. ತುಟಿ ಉಬ್ಬಿ, ಉಗುಳು ನುಂಗಲಾರದೆ ಹೋಯಿತು. ಕೊಕ್ಕೆಯಲ್ಲಿ ಕಬ್ಬಿಣದ ಕೊಳವೆಗಳ ಹೊರೆ ತೂಗುತ್ತಿದೆ, ಕೆಳಗೆ ಆರು ಜನ! ಕಣ್ಣು ಮಂಜಾದರೂ ಸನ್ನೆಗಾರನ ಹೆಬ್ಬೆರಳೊಂದನ್ನೇ ಹಿಡಿದು ಹೊರೆ ನೆಲ ಮುಟ್ಟಿಸಿದ. ಆಮೇಲೆ ಆ ಎಂಬತ್ತು ಮೆಟ್ಟಿಲು ಹೇಗೆ ಇಳಿದನೋ ದೇವರಿಗೇ ಗೊತ್ತು. ಸನ್ನೆಗಾರ ಊದಿದ ಕಾಲಲ್ಲೇ ಅವನನ್ನ ಹೊತ್ತು ದವಾಖಾನೆಗೆ ಓಡಿದ.

"ಏನು ತಿಂದ್ರು? ಏನಾದ್ರೂ ಕಚ್ಚಿತಾ?" ಡಾಕ್ಟರಮ್ಮ ಸೂಜಿ ಚುಚ್ಚುತ್ತಾ ಕೇಳಿದಳು.

"ನೀವು ಕೊಟ್ಟ ಮಾತ್ರೆ ಬಿಟ್ರೆ ಏನಿಲ್ಲ ಮೇಡಂ" ಅಂದ ಸನ್ನೆಗಾರ.

"ಅದರಿಂದ ಹೀಗಾಗಲ್ಲವಲ್ಲ! ಹೀಗಾಗಬಾರದು ಅಂತಾನೇ ಅದನ್ನ ಕೊಟ್ಟಿದ್ದು."

ಅಟ್ಟದಣ್ಣನಿಗೆ ಮಾತು ಹೊರಡದು. ಹೇಳಿದರೆ ಕಳ್ಳನ ಪಟ್ಟ, ಇಪ್ಪತ್ತು ವರ್ಷದ ಸ್ನೇಹ ನೀರುಪಾಲು. ಹೇಳದಿದ್ದರೆ ಪ್ರಾಣವೇ ಹೋದೀತು. ಅಯ್ಯೋ ಪಾಪಿ, ಅದರ ಮೇಲೆ ಅವನ ಕಾಲು ಬೇರೆ! ಬೆರಳು ಮಾಡಿ ಸನ್ನೆಗಾರನ ಜೇಬು ತೋರಿಸಿದ, ತನ್ನ ಬಾಯಿ ತೋರಿಸಿದ. ಆಮೇಲೆ ಮಣಿಕಟ್ಟು ಒಂದರ ಮೇಲೊಂದು ಅಡ್ಡ ಇಟ್ಟ.

ಡಾಕ್ಟರಮ್ಮನಿಗೆ ಏನೂ ಹೊಳೆಯಲಿಲ್ಲ. ಸನ್ನೆಗಾರನಿಗೆ ಥಟ್ಟನೆ ಹೊಳೆಯಿತು. "ನನ್ನ ಮಾತ್ರೆ ಅವನು ತಿಂದಿದ್ದಾನೆ. ಅವನದ್ದು ನಾನು" ಅಂದ.

ರಾತ್ರಿಯೆಲ್ಲ ಕಣ್ಣಿಟ್ಟು ಕಾಯ್ದರು, ಜೀವ ಉಳಿಯಿತು. ನಾಲಿಗೆ ತಿರುಗಿದ ಮೇಲೆ ಡಾಕ್ಟರಮ್ಮ ಬಿಡಿಸಿ ಹೇಳಿದಳು: "ನಿಮ್ಮ ಕಡೆಯವರಲ್ಲಿ ನಿಮ್ಮ ಗೆಳೆಯರ ಮಾತ್ರೆ ಒಂದೇ ಕೊಟ್ರೆ ಸಾಮಾನ್ಯವಾಗಿ ಬಿ.ಪಿ. ಅಷ್ಟು ಇಳಿಯಲ್ಲ. ಕೆಲವರಿಗೆ ಹೀಗೆ ನಾಲಿಗೆ ಊದೋ ಅಪಾಯವೂ ಜಾಸ್ತಿ. ಮೂಲ ಕೇಳಿದ್ದು ಅದಕ್ಕೇ. ನಿಮ್ಮ ಮಾತ್ರೆಗೆ ಇನ್ನೊಂದೆರಡು ವಾರ ಬೇಕಿತ್ತು, ಅಷ್ಟೇ."

"ಅದನ್ನ ಆವತ್ತೇ ಹೇಳಬಾರದಿತ್ತಾ ತಾಯಿ?"

"ಹೇಳಬೇಕಿತ್ತು" ಅಂದಳು.

ಬಾಗಿಲಲ್ಲಿ ನಿಂತಿದ್ದ ಸನ್ನೆಗಾರ ಅಂದದ್ದು ಒಂದೇ ಮಾತು: "ಕೇಳಿದ್ರೆ ಕೊಡ್ತಿದ್ದೆನಲ್ಲೋ."

ಡಾಕ್ಟರಮ್ಮ ಗಡುವು ಮುಂದೆ ಹಾಕಿದಳು; ತನ್ನದೇ ಮಾತ್ರೆ ಮೊದಲಿಂದ ನುಂಗಿ ನಾಲ್ಕು ವಾರಕ್ಕೆ ಅಟ್ಟದಣ್ಣನ ಬಿ.ಪಿ. ಇಳಿಯಿತು, ಸಹಿ ಬಿತ್ತು. ಮೆಟ್ಟಿಲು ಹತ್ತಿ ಗೂಡಿನಲ್ಲಿ ಕೂತು ಕೆಳಗೆ ನೋಡಿದ. ಸನ್ನೆಗಾರ ತನ್ನ ಜಾಗದಲ್ಲೇ ನಿಂತಿದ್ದ. ಕೈ ಮಾತ್ರ ಎತ್ತಲಿಲ್ಲ. ಜೇಬಿನಿಂದ ಪೊಟ್ಟಣ ತೆಗೆದು, ಒಂದು ಮಾತ್ರೆ ಅಂಗೈಯಲ್ಲಿಟ್ಟು ಹಿಂದೆ ಮುಂದೆ ತಿರುಗಿಸಿ ನೋಡಿದ, ಮೂಸಿದ, ಆಮೇಲೆ ಬಾಯಿಗೆ ಹಾಕಿಕೊಂಡ. ಪೊಟ್ಟಣ ಒಳಗಿಟ್ಟು ಜೇಬಿನ ಗುಂಡಿ ಹಾಕಿದ. ಆಮೇಲೆಯೇ ಕೈ ಎತ್ತಿದ್ದು.