ಅವ್ವ ಓದುತ್ತಿದ್ದ ಕಾಲರ್

ತುಂಗಭದ್ರೆಯ ನೀರು ಕುಡಿದು, ಅದಿರು ಲಾರಿಗಳ ಧೂಳು ತಿಂದು ಬೆಳೆದ ಹೊಸಪೇಟೆಯ ಸಮಸ್ತ ಮಹಾಜನರಿಗೆ ಈ ಸತ್ಯಸಂಧನ ಸಾಷ್ಟಾಂಗ ನಮಸ್ಕಾರಗಳು.

ಇವತ್ತು ಸಂಡೂರಿನ ಗುಡ್ಡ ಸುತ್ತಿ ಬಂದೆ. ಅವ್ವ ನನ್ನ ಬಿಳಿ ಅಂಗಿಯ ಕಾಲರ್ ತಿರುವಿ ನೋಡಿ, "ಹಂಪಿಗೆ ಹೋಗಿದ್ದೇನು?" ಎಂದಳು.

ಗಣಿಯ ಭರಾಟೆಯ ಕಾಲದಿಂದಲೂ ಅವಳ ಅಭ್ಯಾಸ ಇದೇ. ಹುಡುಗರಾಗಿದ್ದ ನಾನೂ ಅಣ್ಣನೂ ಎಲ್ಲಿ ತಿರುಗಿದೆವೆಂದು ಕೇಳುತ್ತಿರಲಿಲ್ಲ, ಕಾಲರ್ ನೋಡುತ್ತಿದ್ದಳು. ಕಂಪ್ಲಿ ಕಾಲುವೆಯ ಕೆಸರಿಗೂ ಹಂಪಿಯ ಮಣ್ಣಿಗೂ ಕ್ಷಮೆಯಿತ್ತು. ಕೆಂಪು ಕಂಡರೆ ಮಾತ್ರ, ಲಾರಿಗಳು ನುಗ್ಗುವ ಸಂಡೂರು ರಸ್ತೆಗೆ ಸೈಕಲ್ ತುಳಿದಿದ್ದೇವೆಂದು ಅರ್ಥ. ಶಿಕ್ಷೆಯಾಗಿ ಭಾನುವಾರ ಅಪ್ಪನ ಜೊತೆಗಿನ ಡ್ಯಾಮ್ ಸುತ್ತಾಟ ತಪ್ಪುತ್ತಿತ್ತು.

ಅಪ್ಪನ ಸ್ಕೂಟರಿನ ಹಿಂದೆ ಒಬ್ಬರಿಗೇ ಜಾಗ. ಒಂದು ವಾರ ಅಣ್ಣನ ಸರದಿಯಿತ್ತು. ಶನಿವಾರ ಅವನ ಕಾಲರ್ ಕೆಂಪಗಿತ್ತು.

"ನಾ ಹೋಗಿಲ್ಲಬೇ, ದೇವರಾಣೆ."

"ನಿನ್ನ ಬಾಯಿ ಸುಳ್ಳು ಹೇಳ್ತೈತಿ, ಅಂಗಿ ಹೇಳಂಗಿಲ್ಲಲೇ."

ಮರುದಿನ ಅವನ ಬದಲು ಅಪ್ಪನ ಬೆನ್ನಿಗೊರಗಿ ಡ್ಯಾಮಿಗೆ ಹೋಗಿ ಬಣ್ಣದ ಕಾರಂಜಿ ನೋಡಿದವನು ನಾನು.

ಇವತ್ತು ಮಾತ್ರ, "ಹಂಪಿ ಅಲ್ಲಬೇ, ಸಂಡೂರು. ಈಗ ಅಲ್ಲಿ ಮೊದಲಿನಷ್ಟು ಲಾರಿ ಇಲ್ಲ, ಧೂಳೂ ಇಲ್ಲ," ಎಂದೆ. ಅವ್ವ ಕಾಲರನ್ನು ಮತ್ತೊಮ್ಮೆ ನೋಡಿದಳು. "ಇಷ್ಟು ಬೆಳ್ಳಗ? ಹಂಗಾರ ಭಾನುವಾರ ನನ್ನೂ ಕರಕೊಂಡು ಹೋಗು."

ಈ ಭಾನುವಾರ ಕಾರಿನಲ್ಲಿ ಕಿಟಕಿಯ ಪಕ್ಕದ ಜಾಗ ಅಣ್ಣನಿಗೇ ಮೀಸಲು. ಅಂದು, ಆ ಶನಿವಾರ, ನಿಂತ ಲಾರಿಯ ಗಾಲಿಯಿಂದ ಧೂಳು ತಂದು ಅವನ ಕಾಲರಿಗೆ ಸವರಿದವನು ನಾನೇ. ಅಣ್ಣಾ, ಇದನ್ನು ಅವ್ವನಿಗೆ ಓದಿ ಹೇಳಬೇಡ.