ಒಡ್ಡಿನ ಬಾಗಿಲು ಕೊರೆದ ಜೀವ

ನಾವು ಗದ್ದೆಯ ಒಡ್ಡಿನ ಮೇಲೆ ಬದುಕುತ್ತಿದ್ದ ಕಾಲದಲ್ಲಿ ನಮ್ಮ ಮನೆಯ ಗಡಿಯಾರಕ್ಕೆ ಅಷ್ಟೇನೂ ಕೆಲಸವಿರಲಿಲ್ಲ. ಉಬ್ಬರವಿದ್ದಾಗ ಊಟ, ನಿದ್ದೆ. ಇಳಿತ ಶುರುವಾಯಿತೆಂದರೆ ಅಪ್ಪನಿಗೆ ಕೆಲಸ. ಸಿಂದಗಿ ಕಡೆಯಿಂದ ಗೋವಾಕ್ಕೆ ಬಂದ ನಮ್ಮವರೆಲ್ಲ ಕಟ್ಟಡಕ್ಕೋ ಬಂದರಿಗೋ ಹೋದರೆ, ನಮ್ಮಪ್ಪನಿಗೆ ಮಾಂಡವಿ ನದಿಯ ಒಂದು ಖಾಡಿಯಲ್ಲಿ, ಅಂದರೆ ಸಮುದ್ರದ ನೀರು ಏರಿಳಿಯುವ ಕವಲಿನಲ್ಲಿ, ಬಾಗಿಲು ಕಾಯುವ ಕೆಲಸ ಸಿಕ್ಕಿತ್ತು.

ಒಡ್ಡಿನ ಆಚೆ ಉಪ್ಪುನೀರು, ಈಚೆ ಭತ್ತದ ಗದ್ದೆ. ನಡುವೆ ಕಲ್ಲಿನ ತೂಬು, ಅದಕ್ಕೊಂದು ದಪ್ಪ ಮರದ ಬಾಗಿಲು. ಊರವರು ಅದನ್ನು ಮಾನಸ ಎನ್ನುತ್ತಿದ್ದರು. ಉಬ್ಬರದ ನೀರು ತಳ್ಳಿದರೆ ಬಾಗಿಲು ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ಇಳಿತದಲ್ಲಿ ಗದ್ದೆಯ ಹೆಚ್ಚಿನ ನೀರು ಅದನ್ನು ನೂಕಿಕೊಂಡು ಹೊರಗೆ ಹರಿಯುತ್ತಿತ್ತು. ಆ ಹರಿವಿಗೆ ಅಪ್ಪ ಬಲೆ ಕಟ್ಟುತ್ತಿದ್ದ. ಮೀನು, ಸಿಗಡಿ ಗುತ್ತಿಗೆದಾರನಿಗೆ. ನಮಗೆ ಕೂಲಿ, ತೂಬಿನ ಪಕ್ಕದ ಗುಡಿಸಲು, ಬಲೆಯ ತಳದಲ್ಲಿ ಉಳಿಯುತ್ತಿದ್ದ ಪುಡಿ ಸಿಗಡಿ. ಊರಲ್ಲಿ ಮೀನಿನ ವಾಸನೆಗೇ ಮೂಗು ಮುಚ್ಚುತ್ತಿದ್ದ ಅವ್ವ, ಆ ಸಿಗಡಿಯನ್ನು ಒಣಗಿಸಿ, ಬೆಳ್ಳುಳ್ಳಿ, ಕೆಂಪು ಖಾರ ಹಾಕಿ ಕುಟ್ಟಿ, ರೊಟ್ಟಿಗೆ ಹಚ್ಚಿಕೊಡುತ್ತಿದ್ದಳು. ಇಡೀ ಗುಡಿಸಲು ಘಮ್ಮೆನ್ನುತ್ತಿತ್ತು.

ನಾನಾಗ ನಾಲ್ಕನೇ ಇಯತ್ತೆಯ ಹುಡುಗಿ, ಅಪ್ಪನ ಬಾಯಲ್ಲಿ ‘ತಂಗಿ’. ತಮ್ಮ ಬಸು ನನಗಿಂತ ಚಿಕ್ಕವ. ಆ ಬೇಸಿಗೆಯಲ್ಲಿ ನಮಗೆ ಹೊಸ ಆಟವೊಂದು ಸಿಕ್ಕಿತ್ತು. ಬಾಗಿಲಿನ ಕೆಳಗಿನ ಹಲಗೆಯ ತುಂಬ ತೂತುಗಳಾಗಿದ್ದವು. ಕಡ್ಡಿ ಹಾಕಿ ಕೆದಕಿದರೆ ಒಳಗಿಂದ ಅಕ್ಕಿ ಕಾಳಿನಷ್ಟು ಬೂದು ಬಣ್ಣದ ಜೀವಗಳು ಹೊರಬೀಳುತ್ತಿದ್ದವು. ಮುಟ್ಟಿದ ಕೂಡಲೇ ಉಂಡೆಯಾಗುತ್ತಿದ್ದವು. ತೆಂಗಿನ ಚಿಪ್ಪಿನಲ್ಲಿ ನೀರು ಹಾಕಿ ಎರಡನ್ನು ಬಿಡುವುದು. ಯಾರದು ಮೊದಲು ಬಿಚ್ಚಿಕೊಂಡು ಈಜುತ್ತದೋ ಅವರು ಗೆದ್ದಂತೆ. ಬಸುನದೇ ಯಾವಾಗಲೂ ಗೆಲ್ಲುತ್ತಿತ್ತು.

ಹೀಗೆ ಆಡುತ್ತಿದ್ದಾಗಲೇ ನಯನಕ್ಕ ಬಂದದ್ದು. ಕಾರವಾರದವಳು, ಪಣಜಿಯಲ್ಲಿದ್ದುಕೊಂಡು ಸಮುದ್ರದ ಸಣ್ಣ ಜೀವಿಗಳ ಬಗ್ಗೆ ಓದುತ್ತಿದ್ದಳು. ಮೊಣಕಾಲವರೆಗೆ ಕೆಸರು, ಹೆಗಲಲ್ಲಿ ಬಾಟಲಿಗಳ ಚೀಲ. ನಮ್ಮ ಚಿಪ್ಪಿನೊಳಗೆ ಬಗ್ಗಿ ನೋಡಿದವಳು ಎಷ್ಟು ಹೊತ್ತಾದರೂ ತಲೆ ಎತ್ತಲಿಲ್ಲ. ಕನ್ನಡ ಕೇಳಿ ಅಪ್ಪನಿಗೆ ಬಹಳ ಖುಷಿಯಾಯಿತು.

"ಬರ್ರಿ ಅಕ್ಕಾರ, ಕುಂದರ್ರಿ. ಈ ಹುಳದ ಸಲುವಾಗಿ ಇಷ್ಟ ದೂರ ಬಂದ್ರೇನು?"

"ಇದು ಹುಳ ಅಲ್ಲ ಅಣ್ಣಾ. ಏಡಿ, ಸಿಗಡಿ ಇದ್ದಾವಲ್ಲ, ಅವುಗಳ ಸಂಬಂಧಿ."

"ಹಂಗಾರ ಸಾರು ಮಾಡಾಕ ಬರ್ತದೇನ್ರಿ?" ಎಂದು ಅವ್ವ ಒಳಗಿನಿಂದಲೇ ಕೇಳಿದಳು. ಎಲ್ಲರೂ ನಕ್ಕೆವು.

ಆಮೇಲೆ ಅವಳು ವಾರಕ್ಕೊಮ್ಮೆಯಾದರೂ ಬರತೊಡಗಿದಳು. ಒಂದು ದಿನ ನನ್ನ ಕೈಗೆ ಭೂತಗನ್ನಡಿ ಕೊಟ್ಟಳು. ಬೂದು ಚುಕ್ಕೆ ಒಮ್ಮೆಲೇ ದೊಡ್ಡದಾಗಿ, ಏಳು ಜೊತೆ ಕಾಲು, ಕಾಲಿಗೆ ಬಾಚಣಿಗೆಯಂಥ ಕೂದಲು, ಬಾಲದ ಬಳಿ ಗುಬುಟುಗಳ ಸಾಲು ಕಂಡವು. ಅಂಗಾತ ಮಲಗಿಸಿದ್ದ ಇನ್ನೊಂದರ ಹೊಟ್ಟೆಯ ಚೀಲದಲ್ಲಿ ಅದರ ಮರಿಗಳು ಮಿಸುಕಾಡುತ್ತಿದ್ದವು. ನಾನು ಕಿರುಚಿಬಿಟ್ಟೆ. ಅವ್ವ ಓಡಿ ಬಂದು ತಾನೂ ನೋಡಿ, "ಪಾಪ, ಬಸುರಿ ಅದ. ಅದರ ಮನ್ಯಾಗ ಬಿಟ್ಟು ಬರ್ರಿ" ಎಂದಳು.

ಬೇರೆ ಊರುಗಳಲ್ಲಿ ಸಿಕ್ಕಿದ ಇಂಥ ಜೀವಗಳಿಗೂ ಇದಕ್ಕೂ ಬಾಲದ ಗುಬುಟುಗಳಲ್ಲಿ ವ್ಯತ್ಯಾಸವಿದೆ, ಇದು ಇಲ್ಲಿಯವರೆಗೆ ಯಾರೂ ಹೆಸರಿಡದ ಪ್ರಭೇದವಿರಬೇಕು ಎಂದು ನಯನಕ್ಕ ಹೇಳಿದಳು. ಒಂದೊಂದು ಕಾಲನ್ನೂ ಬೇರೆ ಬೇರೆ ಬಿಡಿಸಬೇಕು, ಗಂಡು ಹೆಣ್ಣು ಎರಡನ್ನೂ ವರ್ಣಿಸಬೇಕು, ಆಮೇಲೆಯೇ ಹೆಸರು. ಹೇಳುವಾಗ ಅವಳ ಮುಖ ಹಬ್ಬದ ದಿನದ ಹುಡುಗಿಯ ಹಾಗಿತ್ತು. ಅಪ್ಪ ಮಾತ್ರ ಬಾಗಿಲನ್ನೇ ನೋಡುತ್ತಿದ್ದ.

"ಅದೆಲ್ಲಾ ಖರೇ ಅಕ್ಕಾರ. ಇದಕ್ಕ ಔಷಧ ಏನ್ರಿ? ಹಲಿಗಿ ಜೇನಗೂಡಿನಂಗ ಆಗೇದ. ಬೆರಳ ಒತ್ತಿದ್ರ ಒಳಗ ಹೊಕ್ಕತೈತಿ."

ನಯನಕ್ಕನ ಮುಖ ಇಳಿಯಿತು. "ಔಷಧ ಇಲ್ಲ ಅಣ್ಣಾ. ಇದು ಮರ ತಿನ್ನೋದಿಲ್ಲ, ಮನೆ ಮಾಡ್ಕೊಳ್ಳಲಿಕ್ಕೆ ಕೊರೀತದೆ. ನೀರಿಗೆ ವಿಷ ಹಾಕಿದ್ರೆ ಮೀನೂ ಸಾಯ್ತದೆ. ಹೊಸ ಹಲಗೆ ಹಾಕೋದೊಂದೇ ದಾರಿ."

ಹಲಗೆ ಹಾಕಿಸುವುದು ನಮ್ಮ ಕೈಯಲ್ಲಿರಲಿಲ್ಲ. ಅಪ್ಪ ಗುತ್ತಿಗೆದಾರನ ಹತ್ತಿರ ಹೋದ. ಅವನು ಅದು ಗದ್ದೆಯವರ ಕೆಲಸ ಎಂದ. ಗದ್ದೆಯವರಲ್ಲಿ ಹೆಚ್ಚಿನವರು ಮುಂಬೈಯಲ್ಲೋ ಪರದೇಶದಲ್ಲೋ ಇದ್ದರು. ಊರಲ್ಲಿದ್ದ ಅವರ ಮುಖಂಡ, ಕೇಳಲು ಹೋದ ನಯನಕ್ಕನನ್ನು ಕುರ್ಚಿಯಲ್ಲಿ ಕೂರಿಸಿ, ಶರಬತ್ತು ಕೊಟ್ಟು, ಮಳೆಗಾಲ ಮುಗಿಯಲಿ ನೋಡೋಣ ಎಂದು ಕಳಿಸಿದ. ಜೊತೆಗೆ ಹೋಗಿದ್ದ ಅಪ್ಪನನ್ನು ಅವನು ಒಳಗೆ ಕರೆಯಲೇ ಇಲ್ಲ.

ಆ ವರ್ಷ ಗದ್ದೆ ನಾಟಿ ಮಾಡಿದವರೇ ನಾಲ್ಕಾರು ಜನ. ಅವರಲ್ಲಿ ಒಬ್ಬಳು ಕೊನ್ಸು ಮಾಂಯ್, ತೂಬಿಗೆ ಹತ್ತಿರದ ಮನೆಯ ಮುದುಕಿ. ಸೊಂಟ ಬಾಗಿತ್ತು, ಆದರೂ ಎರಡು ಮಡಿ ತಾನೇ ನೆಟ್ಟಿದ್ದಳು. ಶಾಲೆಯಿಂದ ಬರುವಾಗ ನಮ್ಮನ್ನು ಕರೆದು ಆ ಗದ್ದೆಯದೇ ಕೆಂಪಕ್ಕಿಯ ಗಂಜಿ ಬಡಿಸುತ್ತಿದ್ದಳು, ಪಕ್ಕದಲ್ಲಿ ಉಪ್ಪಿನಲ್ಲಿ ಹಾಕಿದ ಮಾವಿನಕಾಯಿ. ಉಪ್ಪು ಗಾಳಿಯಲ್ಲಿ ಬೆಳೆದ ಆ ಅಕ್ಕಿಗೆ ಅದರದೇ ಒಂದು ರುಚಿ ಇತ್ತು.

ಶ್ರಾವಣದ ಅಮಾವಾಸ್ಯೆಗೆ ಮಳೆಯೂ ದೊಡ್ಡ ಉಬ್ಬರವೂ ಒಟ್ಟಿಗೆ ಬಂದವು. ಮಧ್ಯಾಹ್ನ ನಾವು ಊಟಕ್ಕೆ ಕೂತಿದ್ದೆವು. ಹಳೆಯ ಬಟ್ಟೆ ಹರಿದಂಥ ಸದ್ದು ಕೇಳಿಸಿತು. ಅಪ್ಪ ಕೈ ತೊಳೆಯದೆ ಓಡಿದ.

ಕೆಳಗಿನ ಹಲಗೆ ಒಡೆದು, ಆ ಸೀಳಿನಿಂದ ಖಾಡಿಯ ನೀರು ಗದ್ದೆಗೆ ನುಗ್ಗುತ್ತಿತ್ತು. ಅಪ್ಪ ತೂಬಿಗಿಳಿದು ಒಡಕಿಗೆ ಬೆನ್ನು ಕೊಟ್ಟು ನಿಂತ. "ಮಣ್ಣ ಕೊಡ್ರಿ, ಹುಲ್ಲ ಕೊಡ್ರಿ!" ಅವ್ವ ಗುಡಿಸಲಿನ ಮಾಡಿನ ಹುಲ್ಲನ್ನೇ ಕಿತ್ತು ತಂದಳು. ನಾನು, ಬಸು ಕೆಸರಿನ ಮುದ್ದೆ ಎತ್ತಿ ಕೊಡುತ್ತಿದ್ದೆವು. ಕೊಟ್ಟದ್ದೆಲ್ಲ ಅಪ್ಪನ ಕೈಯಿಂದಲೇ ಕರಗಿ ಹೋಗುತ್ತಿತ್ತು. ಅಂದು ಬರುವೆನೆಂದಿದ್ದ ನಯನಕ್ಕ ಅಷ್ಟರಲ್ಲಿ ಬಂದಳು. ಚೀಲವನ್ನು ಒಡ್ಡಿನ ಮೇಲೆ ಎಸೆದು ಅವಳೂ ಮಣ್ಣಿಗೆ ಕೈ ಹಾಕಿದಳು. ನೀರು ಅಪ್ಪನ ಎದೆಗೆ ಬಂತು. ಅವನ ತುಟಿ ನೀಲಿಯಾಗಿತ್ತು. ಅವ್ವ, "ಮ್ಯಾಲ ಬರ್ರಿ, ಮಕ್ಕಳ ಮುಖಾ ನೋಡ್ರಿ" ಎಂದು ಅಳುತ್ತಿದ್ದಳು. ಅವನು ತಲೆ ಅಲ್ಲಾಡಿಸುತ್ತಲೇ ಇದ್ದ.

ಆಗ ಕೊನ್ಸು ಮಾಂಯ್ ಕೊಡೆಯಿಲ್ಲದೆ ಒಡ್ಡಿನ ಮೇಲೆ ಬಂದಳು. ತನ್ನ ಹಸಿರು ಮಡಿಗಳ ಕಡೆ ಒಮ್ಮೆ ನೋಡಿ, ಅಪ್ಪನ ಕಡೆ ಕೈ ಚಾಚಿದಳು.

"ಪುರೊ ಪುತಾ. ಸೋಡ್."

ಸಾಕು ಮಗನೇ, ಬಿಟ್ಟುಬಿಡು. ಕೊಂಕಣಿಯ ಎಷ್ಟೋ ಮಾತು ನನಗೆ ಆಗ ತಿಳಿಯುತ್ತಿರಲಿಲ್ಲ, ಇದು ತಿಳಿಯಿತು. ಅಪ್ಪ ಅವಳ ಮುಖ ನೋಡಿದ, ಆಮೇಲೆ ಪಕ್ಕಕ್ಕೆ ಸರಿದ. ಉಳಿದ ಬಾಗಿಲೂ ಕಿತ್ತುಕೊಂಡು ಒಳಗೆ ಹೋಯಿತು. ನಾವೆಲ್ಲ ಒಡ್ಡಿನ ಮೇಲೆ ಸಾಲಾಗಿ ನಿಂತು ಗದ್ದೆ ಮುಳುಗುವುದನ್ನು ನೋಡಿದೆವು. ಮಾಡುವುದಕ್ಕೆ ಬೇರೆ ಏನೂ ಇರಲಿಲ್ಲ.

ಕೆಲವು ದಿನಗಳಲ್ಲಿ ಪೈರು ಬೆಂಕಿ ತಾಗಿದಂತೆ ಕೆಂಪಾಯಿತು, ಆಮೇಲೆ ಕೊಳೆತು ನಾರಿತು. ಗದ್ದೆಯ ಆ ತುದಿಯಲ್ಲಿ ಸಿಕ್ಕ ಬಾಗಿಲಿನ ತುಂಡನ್ನು ಅಪ್ಪ ಹೆಗಲ ಮೇಲೆ ಹೊತ್ತು ತಂದು ನಯನಕ್ಕನ ಮುಂದೆ ಇಟ್ಟ. ಅದರ ತೂತುಗಳಲ್ಲಿ ಆ ಜೀವಗಳು ಇನ್ನೂ ಇದ್ದವು, ಗಂಡು, ಹೆಣ್ಣು, ಮರಿ, ಎಲ್ಲ.

"ತಗೊಳ್ರಿ ಅಕ್ಕಾರ. ನಿಮಗರ ಉಪಯೋಗ ಆಗ್ಲಿ."

ಅವಳಿಗೆ ಬೇಕಿದ್ದದ್ದು ಅದೇ. ಚಿಮಟದಿಂದ ಒಂದೊಂದನ್ನೇ ತೆಗೆದು ಬಾಟಲಿಗೆ ಹಾಕುತ್ತಾ ಅವಳು ಅಳುತ್ತಿದ್ದಳು. ತೋಳಿನಿಂದ ಕಣ್ಣು ಒರೆಸಿಕೊಳ್ಳುವುದು, ಮತ್ತೆ ತೆಗೆಯುವುದು.

ಹೊಸ ಬಾಗಿಲು ಯಾರೂ ಹಾಕಿಸಲಿಲ್ಲ. ಬಾಗಿಲಿಲ್ಲದ ತೂಬಿಗೆ ಕಾಯುವವನು ಬೇಕಿರಲಿಲ್ಲ. ನಾವು ಕಲಂಗುಟ್‌ಗೆ ಹೋದೆವು. ಅಪ್ಪ ಹೋಟೆಲ್ ಕಟ್ಟುವಲ್ಲಿ ಕೂಲಿಗೆ ನಿಂತ. ಒಂದೆರಡು ವರ್ಷದ ಮೇಲೆ ನಯನಕ್ಕ ನಮ್ಮ ಬಾಡಿಗೆ ಖೋಲಿಯನ್ನು ಹುಡುಕಿಕೊಂಡು ಬಂದಳು. ವರ್ಣನೆ ಮುಗಿದಿತ್ತು, ಹೆಸರೊಂದು ಬಾಕಿ. "ನಿನ್ನ ಹೆಸರು ಇಡಲಾ ಅಣ್ಣಾ? ಲೋಕದಲ್ಲಿ ಎಲ್ಲರೂ ಅದನ್ನು ಆ ಹೆಸರಿನಿಂದಲೇ ಕರೀತಾರೆ."

"ಬ್ಯಾಡ್ರಿ ಅಕ್ಕಾರ. ಆ ಮುದುಕಿಯ ಗದ್ದಿ ಮುಳಗಿಸಿದ ಹುಳಕ್ಕ ನನ್ನ ಹೆಸರ ಯಾಕ್ರಿ?"

ಅವಳು ಒತ್ತಾಯಿಸಲಿಲ್ಲ. ಕೊನೆಗೆ ಆ ಖಾಡಿಯ ಹೆಸರನ್ನೇ ಇಟ್ಟಳಂತೆ.

ಕೊನ್ಸು ಮಾಂಯ್ ತೀರಿಕೊಂಡದ್ದು ನಮಗೆ ತಡವಾಗಿ ತಿಳಿಯಿತು. ಆ ಕೆಂಪಕ್ಕಿಯನ್ನು ನಾನು ಮಾಪ್ಸಾದ ಪೇಟೆಯಲ್ಲಿ ಎಷ್ಟೋ ಸಲ ಹುಡುಕಿದ್ದೇನೆ. ಅಂಗಡಿಯವರು ಬೇರೆ ಯಾವುದೋ ಕೆಂಪಕ್ಕಿ ತೂಗಿ ಕೊಡುತ್ತಾರೆ. ಮನೆಗೆ ತಂದು ಗಂಜಿ ಮಾಡಿದರೆ ಅದು ಅದಲ್ಲ.

ಕಳೆದ ವರ್ಷ ಅಪ್ಪನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಗದ್ದೆಯಿದ್ದಲ್ಲೆಲ್ಲ ಈಗ ಉಪ್ಪುನೀರಲ್ಲೇ ಬೇರೂರುವ ಕಾಂಡ್ಲಾ ಗಿಡಗಳ ಕಾಡು ದಟ್ಟವಾಗಿ ಬೆಳೆದಿದೆ. ಪ್ರವಾಸಿಗರು ಬಣ್ಣದ ಸಣ್ಣ ದೋಣಿಗಳಲ್ಲಿ ಅದರ ನಡುವೆ ಹುಟ್ಟು ಹಾಕುತ್ತಿದ್ದರು. ಈ ಕಾಡು ಸಾವಿರಾರು ವರ್ಷಗಳಿಂದ ಹೀಗೇ ಇದೆ, ಮನುಷ್ಯ ಇದನ್ನು ಮುಟ್ಟಿಲ್ಲ ಎಂದು ಅವರನ್ನು ಕರೆತಂದವನು ಹಿಂದಿಯಲ್ಲಿ ಹೇಳುತ್ತಿದ್ದ. ನಾನು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ನನ್ನ ತೋಳು ಹಿಡಿದ.

"ಏನೂ ಹೇಳಾಕ ಹೋಗಬ್ಯಾಡ ತಂಗೀ. ಇಲ್ಲಿ ಬತ್ತ ಬೆಳೀತಿತ್ತು ಅಂದ್ರ ಈಗ ಯಾರ ನಂಬ್ತಾರ?"